ಒಂದು ತಿಂಗಳಲ್ಲಿ ಕಾದಂಬರಿಯ ಮೊದಲ ಕರಡು: ಕಲಬುರಗಿ ಕಡೆಯವರಿಗೆ ಒಂದು ಮಾರ್ಗದರ್ಶಿ

ಕಾದಂಬರಿ ಬರೆಯುವ ಆಸೆ ಇರುವವರು ನಮ್ಮ ಭಾಗದಲ್ಲಿ ಬಹಳ ಜನ ಇದ್ದಾರೆ. ಮಾಸ್ತರರು, ಬ್ಯಾಂಕಿನವರು, ಮಕ್ಕಳು ಶಾಲೆಗೆ ಹೋದ ಮೇಲೆ ಒಂದೆರಡು ತಾಸು ಬಿಡುವು ಸಿಗುವ ತಾಯಂದಿರು, ಪರೀಕ್ಷೆಗೆ ಓದುತ್ತ ರೂಮಿನಲ್ಲಿರುವ ಹುಡುಗರು. ಕಟ್ಟೆ ಮೇಲೆ ಕೂತು ಹೇಳಿದರೆ ಇವರ ಕಥೆ ಬಿಟ್ಟು ಎದ್ದು ಹೋಗಲು ಮನಸ್ಸಾಗುವುದಿಲ್ಲ. ಅದೇ ಕಥೆ ಹಾಳೆಗೆ ಇಳಿಯುವಾಗ ಮೂರನೇ ಅಧ್ಯಾಯಕ್ಕೆ ನಿಂತುಬಿಡುತ್ತದೆ.

ನನ್ನ ಪ್ರಕಾರ ಇದಕ್ಕೆ ಎರಡು ಕಾರಣ. ಮೊದಲ ಅಧ್ಯಾಯವನ್ನೇ ಮತ್ತೆ ಮತ್ತೆ ತಿದ್ದುತ್ತ ಕೂರುವುದು ಒಂದು. ಮನೆಯಲ್ಲಿ ಆಡುವ ಮಾತನ್ನು ಬಿಟ್ಟು ಪಠ್ಯಪುಸ್ತಕದ ಕನ್ನಡದಲ್ಲಿ ಪಾತ್ರಗಳನ್ನು ಮಾತಾಡಿಸುವುದು ಇನ್ನೊಂದು. ತಿಂಗಳ ಗಡುವು ಮೊದಲನೆಯದನ್ನು ಬಿಡಿಸುತ್ತದೆ. ಎರಡನೆಯದನ್ನು ನಾವೇ ಬಿಡಬೇಕು. ಬಿಟ್ಟರೆ ಬರೆಯುವ ವೇಗ ಎಷ್ಟು ಹೆಚ್ಚುತ್ತದೆ ಅನ್ನುವುದನ್ನು ಮುಂದೆ ತೋರಿಸುತ್ತೇನೆ.

ಸವಾಲು ಎಲ್ಲಿಂದ ಬಂತು, ನಮಗೆ ಎಷ್ಟು ಸಾಕು

1999ರ ಜುಲೈನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಭಾಗದಲ್ಲಿ ಕ್ರಿಸ್ ಬೇಟಿ ಎಂಬ ಯುವಕ ಗೆಳೆಯರನ್ನು ಸೇರಿಸಿಕೊಂಡು ಒಂದು ತಿಂಗಳಲ್ಲಿ ಕಾದಂಬರಿ ಬರೆಯುವ ಈ ಸವಾಲನ್ನು ಶುರು ಮಾಡಿದ. ಇದ್ದವರು 21 ಜನ. ಮರುವರ್ಷದಿಂದ ಅದನ್ನು ನವೆಂಬರ್‌ಗೆ ಬದಲಾಯಿಸಿದರು. ಗುರಿ 50,000 ಪದ, ಅಂದರೆ ದಿನಕ್ಕೆ 1,667. ಆಮೇಲೆ ಜಗತ್ತಿನಾದ್ಯಂತ ಲಕ್ಷಾಂತರ ಜನ ಸೇರಿದರು. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿತು. ಅದರಿಂದ ನಮಗೇನೂ ತೊಂದರೆ ಇಲ್ಲ. ಈ ಸವಾಲಿಗೆ ಹೆಸರು ನೋಂದಾಯಿಸಬೇಕಿಲ್ಲ, ಫೀಸು ಕಟ್ಟಬೇಕಿಲ್ಲ.

ಆ 50,000 ಇಂಗ್ಲಿಷ್ ಪದಗಳ ಲೆಕ್ಕ. ಅಲ್ಲಿ ಮೂರ್ನಾಲ್ಕು ಪದ ಬೇಕಾಗುವುದು ಕನ್ನಡದಲ್ಲಿ ಎಷ್ಟೋ ಸಲ ಒಂದೇ ಪದದಲ್ಲಿ ಮುಗಿಯುತ್ತದೆ. ಆದ್ದರಿಂದ ಕನ್ನಡದಲ್ಲಿ 30,000 ಪದದ ಗುರಿ ಇಟ್ಟುಕೊಳ್ಳಿ. ಅಚ್ಚಾದರೆ ನೂರಿಪ್ಪತ್ತು, ನೂರೈವತ್ತು ಪುಟದ ಪುಸ್ತಕ ಆಗುತ್ತದೆ. ಮೊದಲ ಕಾದಂಬರಿಗೆ ಅದು ಬೇಕಾದಷ್ಟಾಯಿತು.

ಇದನ್ನು 30 ದಿನಕ್ಕೆ ಹಂಚಬೇಡಿ. 25 ದಿನಕ್ಕೆ ಹಂಚಿ, ದಿನಕ್ಕೆ 1,200 ಪದ. ಉಳಿದ ಐದು ದಿನ ಮದುವೆ, ಜ್ವರ, ಬೀಗರು, ಕರೆಂಟು ಹೋಗುವುದು, ಇಂಥವಕ್ಕೆ ಮೊದಲೇ ಬಿಟ್ಟುಕೊಟ್ಟಿರಿ. ಕೈಯಲ್ಲಿ ಬರೆಯುವವರಿಗೆ 1,200 ಪದ ಅಂದರೆ ಲಾಂಗ್ ಬುಕ್ಕಿನ ಏಳೆಂಟು ಪುಟ. ಅಕ್ಷರದ ಗಾತ್ರ ಒಬ್ಬೊಬ್ಬರದು ಒಂದೊಂದು ಥರ, ಅಲ್ವಾ? ನಿಮ್ಮದೇ ಒಂದು ಪುಟದ ಪದ ಎಣಿಸಿ ಇಟ್ಟುಕೊಳ್ಳಿ. ಆಮೇಲೆ ಪುಟ ಎಣಿಸಿದರೆ ಸಾಕು.

ತಿಂಗಳು ಆರಿಸಿಕೊಳ್ಳುವಾಗ

ನವೆಂಬರ್ ನಮಗೂ ಒಳ್ಳೆಯದೇ. ಒಂದನೇ ತಾರೀಖು ರಾಜ್ಯೋತ್ಸವ, ರಜೆ, ಶುರು ಮಾಡಲು ಅನುಕೂಲ. ಬಿಸಿಲು ಇಳಿದಿರುತ್ತದೆ, ರಾತ್ರಿ ಕೂತು ಬರೆಯಬಹುದು. ಒಕ್ಕಲುತನದ ಮನೆಯವರಾದರೆ ತೊಗರಿಗೆ ಔಷಧಿ ಹೊಡೆಯುವುದು ಇದ್ದೇ ಇರುತ್ತದೆ. ಆದರೂ ರಾಶಿಯ ಗಡಿಬಿಡಿ ಇನ್ನೂ ಶುರುವಾಗಿರುವುದಿಲ್ಲ. ಡಿಸೆಂಬರ್, ಜನವರಿಗೆ ಹಾಕಿಕೊಂಡರೆ ರಾಶಿ, ಎಳ್ಳಮಾವಾಸ್ಯೆ ಎರಡೂ ಒಟ್ಟಿಗೆ ಬರುತ್ತವೆ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಉಂಡು ಬಂದ ದಿನ ಯಾರೂ 1,200 ಪದ ಬರೆಯುವುದಿಲ್ಲ. ಬರೆಯಲೂ ಬಾರದು. ಮಾರ್ಚ್ ಪರೀಕ್ಷೆಯ ತಿಂಗಳು, ಮಾಸ್ತರರಿಗೆ ಆಗದು. ಏಪ್ರಿಲ್, ಮೇ ತಿಂಗಳಲ್ಲಿ ಬರೆಯಲೇಬೇಕೆಂದರೆ ಬೆಳಗಿನ ಎಂಟರೊಳಗೆ ಮುಗಿಸಿ. ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ ಫ್ಯಾನಿನ ಕೆಳಗೆ ಕೂತರೂ ತಲೆ ಓಡುವುದಿಲ್ಲ.

ಮುಂಚಿನ ಒಂದು ವಾರ

ಒಂದನೇ ತಾರೀಖಿನ ಮುಂಚೆ ಒಂದು ವಾರ ತಯಾರಿಗೆ ಇಟ್ಟುಕೊಳ್ಳಿ. ಈ ವಾರ ಕಥೆಯ ಒಂದು ಸಾಲನ್ನೂ ಬರೆಯಬೇಡಿ. ಮಾಡಬೇಕಾದ್ದು ಇಷ್ಟು: ಜಾಗ, ಜನ, ಜಗಳ, ಕೊನೆ, ಈ ನಾಲ್ಕನ್ನು ಗೊತ್ತು ಮಾಡಿಕೊಳ್ಳುವುದು.

ಜಾಗ ಚಿಕ್ಕದಿರಲಿ, ನಿಮಗೆ ಪೂರ್ತಿ ಗೊತ್ತಿರಲಿ. ಶಹಾಬಾದಿನ ಪರಸಿ ಕಲ್ಲಿನ ಗಣಿ, ವಾಡಿಯ ಸಿಮೆಂಟ್ ಕಾಲೊನಿ, ಕಾಗಿಣಾ ದಂಡೆಯ ಒಂದು ಊರು, ನಿಮ್ಮದೇ ಓಣಿ. ಒಂದು ತಿಂಗಳಲ್ಲಿ ಬರೆಯುವವರಿಗೆ ಮಾಹಿತಿ ಹುಡುಕುತ್ತ ತಿರುಗಲು ಹೊತ್ತಿರುವುದಿಲ್ಲ. ಮೂರು ತಲೆಮಾರಿನ ಕಥೆ, ಎರಡು ದೇಶದ ಕಥೆ ಆಮೇಲೆ ಬರೆಯಿರಿ.

ಒಂದು ಉದಾಹರಣೆ ಕಟ್ಟೋಣ. ಜಾಗ: ಕಲಬುರಗಿಯ ಗಂಜ್ (ಧಾನ್ಯದ ಮಾರುಕಟ್ಟೆ), ತೊಗರಿ ಬರುವ ಒಂದು ಅಡತ್ (ದಲ್ಲಾಳಿ) ಅಂಗಡಿ. ಜನ: ಅಲ್ಲಿ ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯುವ ಮಲ್ಲಣ್ಣ, ಅವನ ತಂಗಿ ಕಸ್ತೂರಿ, ಅಂಗಡಿಯ ಸಾಹುಕಾರ, ಒಬ್ಬ ಹಿರಿಯ ಹಮಾಲ. ಜಗಳ: ಕಸ್ತೂರಿಯ ಗಂಡ ತಂದ ತೊಗರಿಗೆ ಕೊಟ್ಟ ಪಟ್ಟಿಯಲ್ಲಿ, ಅಂದರೆ ಲೆಕ್ಕದ ಚೀಟಿಯಲ್ಲಿ, ತೂಕ ಕಡಿಮೆ ಬಿದ್ದಿದೆ. ಪಟ್ಟಿಯ ಮೇಲೆ ಇರುವ ಅಕ್ಷರ ಮಲ್ಲಣ್ಣನದು. ಇಷ್ಟು ಸಿಕ್ಕರೆ ಕಾದಂಬರಿ ನಡೆಯುತ್ತದೆ. ಯಾಕಂದರೆ ಇಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬೇಕಿದೆ. ಮಲ್ಲಣ್ಣನಿಗೆ ಕೆಲಸ ಉಳಿಯಬೇಕು. ಕಸ್ತೂರಿಗೆ ಅಣ್ಣನ ಬಾಯಿಂದ ನಿಜ ಕೇಳಬೇಕು. ಸಾಹುಕಾರನಿಗೆ ಮಾತು ಅಂಗಡಿಯ ಹೊರಗೆ ಹೋಗಬಾರದು. ಮೂವರಿಗೂ ಬೇಕಾದ್ದು ಒಟ್ಟಿಗೆ ಸಿಗುವಂತಿಲ್ಲ.

ನಿಮ್ಮ ಕಥೆಯನ್ನೂ ಹೀಗೇ ಪರೀಕ್ಷೆ ಮಾಡಿ. ಯಾರಿಗೆ ಏನು ಬೇಕು? ಕೊಡದೆ ತಡೆಯುತ್ತಿರುವವರು ಯಾರು? "ಸಮಾಜ ತಡೆಯುತ್ತಿದೆ", "ವಿಧಿ ತಡೆಯುತ್ತಿದೆ" ಅಂತ ಉತ್ತರ ಬಂದರೆ ಇನ್ನೂ ಹುಡುಕಬೇಕು ಅಂತ ಅರ್ಥ. ತಡೆಯುವವರಿಗೆ ಒಂದು ಮುಖ, ಒಂದು ಹೆಸರು, ಅವರದೇ ಒಂದು ನ್ಯಾಯ ಇರಬೇಕು. ಸಾಹುಕಾರನನ್ನು ಬರೀ ಕೆಟ್ಟವನನ್ನಾಗಿ ಮಾಡಿದರೆ ಹತ್ತನೇ ದಿನಕ್ಕೆ ಅವನ ಬಾಯಲ್ಲಿ ಹೇಳಿಸಲು ಮಾತೇ ಉಳಿಯುವುದಿಲ್ಲ. ತಂಗಿಯ ಮದುವೆಗೆ ಮಲ್ಲಣ್ಣನಿಗೆ ಸಾಲ ಕೊಟ್ಟವನು ಇದೇ ಸಾಹುಕಾರ ಅಂದುಕೊಳ್ಳಿ. ಆಗ ನೋಡಿ, ಕಥೆ ತಾನೇ ಬಿಗಿಯಾಗುತ್ತದೆ.

ಆಮೇಲೆ ಒಂದು ಹಾಳೆಯಲ್ಲಿ 25 ಸಾಲು ಬರೆಯಿರಿ. ಒಂದು ಸಾಲಿಗೆ ಒಂದು ದೃಶ್ಯ, ಒಂದು ದೃಶ್ಯಕ್ಕೆ ಒಂದು ದಿನ. ಹೀಗೆ:

1. ಕಸ್ತೂರಿ ಪಟ್ಟಿ ಹಿಡಿದುಕೊಂಡು ಅಂಗಡಿಗೇ ಬರುತ್ತಾಳೆ.
2. ಮಲ್ಲಣ್ಣ ರಾತ್ರಿ ಹಳೆಯ ಖಾತೆ ಪುಸ್ತಕ ತೆಗೆದು ನೋಡುತ್ತಾನೆ.
3. ಹಮಾಲ ಏನೋ ಗೊತ್ತಿದ್ದವನ ಹಾಗೆ ಮಾತಾಡಿ ಸುಮ್ಮನಾಗುತ್ತಾನೆ.
4. ಸಾಹುಕಾರ ಮಲ್ಲಣ್ಣನನ್ನು ಊಟಕ್ಕೆ ಕರೆಯುತ್ತಾನೆ.

"ಮಲ್ಲಣ್ಣನ ಮನಸ್ಸಿನ ತೊಳಲಾಟ" ಅಂತ ಸಾಲು ಹಾಕಬೇಡಿ. ಅದರಲ್ಲಿ ಯಾರೂ ಏನೂ ಮಾಡುತ್ತಿಲ್ಲ. ಖಾತೆ ಪುಸ್ತಕ ತೆಗೆದು ನೋಡುವುದು ಕೆಲಸ, ತೊಳಲಾಟ ಅದರೊಳಗೇ ಬರುತ್ತದೆ. ಎಲ್ಲ 25 ಸಾಲು ತುಂಬದಿದ್ದರೂ ಕೊನೆಯ ಎರಡು ಸಾಲು ತುಂಬಿರಲಿ. ಎಲ್ಲಿಗೆ ಹೋಗಬೇಕು ಅಂತ ಗೊತ್ತಿದ್ದರೆ ನಡುವಿನ ದಾರಿ ಬದಲಾದರೂ ನಡೆಯುತ್ತದೆ.

ಮಾತು ನಮ್ಮದಿರಲಿ

ಈ ಲೇಖನದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಇದನ್ನೇ. ಮೊದಲ ದೃಶ್ಯವನ್ನು ನಮ್ಮ ಕಡೆಯ ಎಷ್ಟೋ ಜನ ಹೀಗೆ ಬರೆಯುತ್ತಾರೆ:

"ಅಣ್ಣಾ, ಈ ಪಟ್ಟಿಯನ್ನು ನೀನೇ ಬರೆದಿರುವೆಯಾ? ನಾವು ಮನೆಯಲ್ಲಿ ತೂಗಿದಾಗ ಆರು ಕ್ವಿಂಟಲ್‌ಗಿಂತ ಹೆಚ್ಚಿತ್ತು. ಇದರಲ್ಲಿ ಐದೂವರೆ ಎಂದು ನಮೂದಾಗಿದೆ" ಎಂದು ಕಸ್ತೂರಿ ದುಃಖದಿಂದ ಪ್ರಶ್ನಿಸಿದಳು.

ತಪ್ಪೇನೂ ಇಲ್ಲ. ಆದರೆ ಗಂಜಿನಲ್ಲಿ ಯಾವ ತಂಗಿಯೂ ಹೀಗೆ ಮಾತಾಡುವುದಿಲ್ಲ. ಬರೆದವರ ತಲೆಯಲ್ಲಿ ಮೊದಲು ನಮ್ಮ ಮಾತೇ ಬಂದಿರುತ್ತದೆ. ಅದನ್ನು ಪುಸ್ತಕದ ಕನ್ನಡಕ್ಕೆ ಬದಲಾಯಿಸಿ ಆಮೇಲೆ ಬರೆದಿರುತ್ತಾರೆ. ಪ್ರತಿ ಸಾಲಿಗೂ ಎರಡು ಕೆಲಸ. ಒಂದು ತಿಂಗಳು ಸಾಲದೆ ಹೋಗುವುದು ಇಲ್ಲಿಯೇ. ಅದನ್ನೇ ಬಂದ ಹಾಗೆ ಬರೆಯಿರಿ:

"ಅಣ್ಣ, ಈ ಪಟ್ಟಿ ನೀನೇ ಬರ್ದೀ ಏನು?"

"ಯವ್ವಾ, ಮೊದ್ಲ ಕುಂದ್ರು. ನೀರ್ ಕುಡಿ."

"ನೀರ್ ಆಮ್ಯಾಲ ಕುಡಿತೀನಿ. ಮನ್ಯಾಗ ತೂಗಿದಾಗ ಆರ್ ಕ್ವಿಂಟಲ್ ಮ್ಯಾಲಿತ್ತು. ಇದ್ರಾಗ ಐದೂವರಿ ಅದ. ಹ್ಯಾಂಗ?"

"ಸಾಹುಕಾರ್ರು ಒಳಗ ಇದ್ದಾರ. ಸಣ್ಣಗ ಮಾತಾಡು."

ಇಲ್ಲಿ "ದುಃಖದಿಂದ" ಅನ್ನುವ ಪದ ಬೇಕಾಗಲಿಲ್ಲ. ಮಲ್ಲಣ್ಣ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ, ನೀರು ಕುಡಿ ಅಂದ. ಓದುವವರಿಗೆ ಅಷ್ಟರಲ್ಲೇ ಅನುಮಾನ ಬಂತು. ಕೊನೆಯ ಸಾಲಿಗೆ ಸಾಹುಕಾರ ಕಾಣಿಸದೆಯೇ ಕಥೆಯೊಳಗೆ ಬಂದ. ಇದನ್ನೆಲ್ಲ ಯೋಚನೆ ಮಾಡಿ ಕಟ್ಟಬೇಕಿಲ್ಲ. ಮನೆಯ ಮಾತಿನಲ್ಲಿ ಬರೆಯುತ್ತ ಹೋದರೆ ಜನ ಮಾತು ತಪ್ಪಿಸುವ ರೀತಿ, ಸಿಟ್ಟು ನುಂಗುವ ರೀತಿ ತಾನಾಗಿ ಬರುತ್ತದೆ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದಿರುವ ಮಾತಲ್ಲವೇ?

"ಬೆಂಗಳೂರು, ಮೈಸೂರಿನವರಿಗೆ ಅರ್ಥ ಆಗುತ್ತಾ?" ಅನ್ನುವ ಅಳುಕು ಬೇಡ. ಆಗುತ್ತದೆ. ಇದೇ ನೆಲದ ಗೀತಾ ನಾಗಭೂಷಣ ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲಿರುವುದು ನಮ್ಮ ಜನ, ನಮ್ಮ ಮಾತು. ಇನ್ನೂ ಹಿಂದೆ ಹೋದರೆ, ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಒಂಬತ್ತನೇ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವೇ ಕನ್ನಡಗಳು ಹಲವು ಅಂದಿದೆ. ಊರೂರಿಗೂ ದೇಸಿ ಬೇರೆ ಬೇರೆ ಆಗಿರುವುದರಿಂದ ಸರ್ಪರಾಜ ವಾಸುಕಿಗೂ ಅದನ್ನು ತಿಳಿಯಲಾರದೆ ಬೇಸರ ಬರುತ್ತದಂತೆ.

ನಿರೂಪಣೆಯನ್ನು ಎಲ್ಲರೂ ಬಳಸುವ ಕನ್ನಡದಲ್ಲಿ ಇಟ್ಟು ಮಾತನ್ನು ಮಾತ್ರ ನಮ್ಮದರಲ್ಲಿ ಇಟ್ಟರೆ ಬರೆಯುವವರಿಗೂ ಸುಲಭ, ಓದುವವರಿಗೂ ಸುಲಭ. ಉರ್ದು, ಮರಾಠಿ, ತೆಲುಗು ಬೆರೆಸಿ ಆಡುವವರ ಬಾಯಲ್ಲಿ ಹಾಗೇ ಬರಲಿ. "ಹ್ಯಾಂಗ" ಅಂತ ಬರೆಯಬೇಕೋ "ಹೆಂಗ" ಅಂತ ಬರೆಯಬೇಕೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಯಾವುದೋ ಒಂದು ಬರೆದು ಮುಂದೆ ಹೋಗಿ. ತಿದ್ದುವಾಗ ಎಲ್ಲ ಒಂದೇ ಥರ ಮಾಡಿಕೊಳ್ಳಬಹುದು.

ದಿನದ ಕೆಲಸ

ಹೊತ್ತು ಗೊತ್ತು ಮಾಡಿ. ಒಂದೂವರೆ ತಾಸಿನಿಂದ ಎರಡು ತಾಸು ಬೇಕಾಗುತ್ತದೆ. ಬೆಳಿಗ್ಗೆ ಐದರಿಂದ ಏಳು ನನಗೆ ಎಲ್ಲಕ್ಕಿಂತ ಒಳ್ಳೆಯ ಹೊತ್ತು ಅನ್ನಿಸುತ್ತದೆ. ಫೋನು ಬರುವುದಿಲ್ಲ, ಬಾಗಿಲು ಬಡಿಯುವವರಿಲ್ಲ. ಆದರೆ ಆ ಹೊತ್ತಿಗೆ ಒಲೆ ಮುಂದೆ ಇರಬೇಕಾದವರಿಗೆ ಈ ಮಾತು ಹೇಳಿ ಪ್ರಯೋಜನವಿಲ್ಲ. ಅವರು ಮಧ್ಯಾಹ್ನ ಎರಡರಿಂದ ನಾಲ್ಕು ಹಿಡಿಯಲಿ, ಮನೆಯವರಿಗೆ ಮೊದಲೇ ಹೇಳಿಬಿಡಲಿ: ಈ ತಿಂಗಳು ಈ ಎರಡು ತಾಸು ನನ್ನನ್ನು ಕರೆಯಬೇಡಿ. ಕದ್ದುಮುಚ್ಚಿ ಬರೆಯುವುದಕ್ಕಿಂತ ಹೇಳಿ ಬರೆಯುವುದು ಮೇಲು. ಮನೆ ಚಿಕ್ಕದಿದ್ದರೆ ಗ್ರಂಥಾಲಯದ ಓದುವ ಕೋಣೆ ಇದೆ.

ಕೂತ ಕೂಡಲೇ ಹಿಂದಿನ ದಿನದ್ದನ್ನೆಲ್ಲ ಓದಬೇಡಿ. ಕೊನೆಯ ಪ್ಯಾರಾ ಓದಿ ಮುಂದಕ್ಕೆ ಹೋಗಿ. ಇಡೀ ಓದಿದರೆ ಕೈ ತಾನೇ ತಿದ್ದಲು ಹೋಗುತ್ತದೆ, ಅರ್ಧ ತಾಸು ಅಲ್ಲೇ ಹೋಗುತ್ತದೆ. ಗೊತ್ತಿಲ್ಲದ್ದು ಬಂದರೆ ಅಲ್ಲೇ ಒಂದು ಗುರುತು ಹಾಕಿ, "ಇಲ್ಲಿ ತೂಕದ ಕಾಟಾ ಹೇಗಿರುತ್ತೆ ಕೇಳಬೇಕು" ಅಂತ ಬರೆದು ಮುಂದೆ ನಡೆಯಿರಿ. ಆ ಹೊತ್ತಿನಲ್ಲಿ ಹುಡುಕಲು ಹೋದರೆ ಫೋನು ನಿಮ್ಮನ್ನು ಬಿಡುವುದಿಲ್ಲ. ಏಳುವಾಗ ದೃಶ್ಯ ಮುಗಿದಿದ್ದರೂ ನಾಳೆಯ ದೃಶ್ಯದ ಮೊದಲ ಮಾತು ಒಂದು ಸಾಲು ಬರೆದಿಟ್ಟು ಏಳಿ. ಮರುದಿನ ಖಾಲಿ ಹಾಳೆಯ ಮುಂದೆ ಕೂರುವುದು ತಪ್ಪುತ್ತದೆ.

ಕಂಪ್ಯೂಟರಿನಲ್ಲಿ ಬರೆಯುವವರು ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ 'ನುಡಿ', 'ಬರಹ' ತಂತ್ರಾಂಶಗಳ ಫಾಂಟಿನಲ್ಲಿ ಬರೆದದ್ದು ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಈಗಿನ 'ನುಡಿ'ಯಲ್ಲೂ ಯೂನಿಕೋಡ್ ಇದೆ, ಅದನ್ನೇ ಆರಿಸಿ. ಗೂಗಲ್ ಡಾಕ್ಸ್ ಆದರೆ ಕಂಪ್ಯೂಟರಿನಲ್ಲಿ ಬರೆದದ್ದನ್ನು ಬಸ್ಸಿನಲ್ಲಿ ಫೋನಿನಿಂದ ಮುಂದುವರಿಸಬಹುದು, ಪದದ ಲೆಕ್ಕವೂ ಅದರಲ್ಲೇ ಸಿಗುತ್ತದೆ. ಟೈಪಿಂಗ್ ನಿಧಾನ ಇದ್ದವರು ಫೋನಿನ ಜಿಬೋರ್ಡ್ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಹೇಳಬಹುದು. ನಿರೂಪಣೆಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಆಡುಮಾತಿಗೆ ತಡವರಿಸುತ್ತದೆ, ಸಂಭಾಷಣೆಯನ್ನು ಕೈಯಿಂದಲೇ ಟೈಪ್ ಮಾಡಿ. ಕೈಬರಹದವರು ದಿನಾ ಬರೆದ ಪುಟಗಳ ಫೋಟೊ ತೆಗೆದಿಡಿ. ನೋಟ್‌ಬುಕ್ ಕಳೆದರೆ ಮತ್ತೆ ಬರೆಯುವ ಮನಸ್ಸು ಬರುವುದು ಕಷ್ಟ.

ಇಬ್ಬರು ಮೂವರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ವಾಟ್ಸ್ಆ್ಯಪ್ ಗುಂಪು ಮಾಡಿ ರಾತ್ರಿ ಅವತ್ತಿನ ಪದದ ಲೆಕ್ಕ ಮಾತ್ರ ಹಾಕಿ. ಬರೆದದ್ದನ್ನು ಹಾಕಬೇಡಿ. ಹೊಗಳಿದರೂ ತೆಗಳಿದರೂ ಮರುದಿನ ಕೈ ನಿಲ್ಲುತ್ತದೆ.

ಎರಡನೇ ವಾರ

ಮೊದಲ ವಾರದ ಹುರುಪು ಒಂಬತ್ತು, ಹತ್ತನೇ ದಿನದ ಹೊತ್ತಿಗೆ ಇಳಿಯುತ್ತದೆ. ಕಥೆ ಹಳಸಿತು, ಪಾತ್ರಗಳು ನಿಂತಲ್ಲೇ ನಿಂತಿವೆ ಅನ್ನಿಸುತ್ತದೆ. ಎಲ್ಲರಿಗೂ ಆಗುವುದೇ, ಎದೆಗುಂದಬೇಡಿ. ಆಗ ಕೆಲವು ದಾರಿ ಇವೆ.

25 ಸಾಲಿನ ಕ್ರಮ ಬಿಟ್ಟು, ಬರೆಯಲು ಆಸೆ ಇರುವ ದೃಶ್ಯಕ್ಕೆ ನೇರ ಹೋಗಿ. ಅಣ್ಣ, ತಂಗಿ ಕೊನೆಗೆ ಎದುರುಬದುರು ಕೂರುವ ದೃಶ್ಯ ಕಣ್ಣ ಮುಂದೆ ಇದ್ದರೆ ಇವತ್ತೇ ಬರೆಯಿರಿ. ಅದು ಸಿಕ್ಕ ಮೇಲೆ ನಡುವೆ ಏನೇನು ಆಗಿರಬೇಕು ಅಂತ ತಾನೇ ತಿಳಿಯುತ್ತದೆ.

ಇಲ್ಲವೇ ಪಾತ್ರಗಳನ್ನು ಜನಸಂದಣಿಗೆ ಕಳಿಸಿ. ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆಯುವ ಹೊತ್ತು, ಸಾಹುಕಾರನೂ ಕಸ್ತೂರಿಯ ಗಂಡನೂ ಒಂದೇ ಗುಂಪಿನಲ್ಲಿ ನಿಂತಿದ್ದಾರೆ. ಎಲ್ಲರೆದುರು ಜಗಳ ಆಡುವಂತಿಲ್ಲ, ನಮಸ್ಕಾರ ಹೇಳದೆ ಇರುವಂತೆಯೂ ಇಲ್ಲ. ಈ ಒಂದು ಇಕ್ಕಟ್ಟಿನಿಂದಲೇ 1,200 ಪದ ಬರುತ್ತದೆ.

ಹೊಸ ಕಷ್ಟ ತರುವುದಾದರೆ ಆ ಜಾಗದಲ್ಲಿ ನಿಜವಾಗಿ ಬರುವ ಕಷ್ಟವನ್ನೇ ತನ್ನಿ. ಅಪಘಾತ, ಕ್ಯಾನ್ಸರ್, ಕಳೆದುಹೋದ ಅವಳಿ ತಮ್ಮ ಬೇಡ. ತೊಗರಿಗೆ ನೆಟೆ ರೋಗ ಬರುತ್ತದೆ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಒಳಗೆ ಹೋಗಿ, ಹೂವು ಕಾಯಿ ಹಿಡಿದು ನಿಂತ ಗಿಡ ನಿಂತಲ್ಲೇ ಒಣಗುತ್ತದೆ. ಹೋದ ವರ್ಷ ಆರು ಕ್ವಿಂಟಲ್ ಬಂದ ಹೊಲದಲ್ಲಿ ಈ ವರ್ಷ ಅದರ ಅರ್ಧವೂ ಇಲ್ಲ ಅಂದರೆ, ಆ ಅರ್ಧ ಕ್ವಿಂಟಲಿನ ಜಗಳಕ್ಕೆ ಬೇರೆಯೇ ತೂಕ ಬರುತ್ತದೆ.

ಇನ್ನೊಂದು ಆಗಬಹುದು. ಇದು ಮಲ್ಲಣ್ಣನ ಕಥೆಯಲ್ಲ, ಕಸ್ತೂರಿಯ ಕಥೆ ಅಂತ ಹನ್ನೆರಡನೇ ದಿನ ಹೊಳೆಯಬಹುದು. ಹಾಗೆ ಹೊಳೆಯುವುದು ಒಳ್ಳೆಯ ಲಕ್ಷಣ. ಆದರೆ ಹಿಂದಕ್ಕೆ ಹೋಗಿ ಬದಲಾಯಿಸಬೇಡಿ. "ಇಲ್ಲಿಂದ ಕಸ್ತೂರಿಯ ಕಣ್ಣಿನಿಂದ" ಅಂತ ಒಂದು ಸಾಲು ಬರೆದು, ಮೊದಲಿನಿಂದಲೂ ಹಾಗೇ ಇತ್ತು ಅನ್ನುವ ಹಾಗೆ ಮುಂದುವರಿಸಿ.

ಕಾಲದ ಬಗ್ಗೆ ಒಂದು ಎಚ್ಚರ

ನಮ್ಮ ಭಾಗದಲ್ಲಿ ಹೆಸರುಗಳು ಬಹಳ ಸಲ ಬದಲಾಗಿವೆ. ಕಥೆ 1990ರಲ್ಲಿ ನಡೆಯುತ್ತಿದ್ದರೆ ಅರ್ಜಿ, ಬಸ್ಸಿನ ಬೋರ್ಡು ಎಲ್ಲ ಗುಲಬರ್ಗಾ. ಕಲಬುರಗಿ ಅಂತ ಅಧಿಕೃತವಾಗಿ ಆದದ್ದು 2014ರ ನವೆಂಬರ್ 1ಕ್ಕೆ. ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆದದ್ದು 2019ರಲ್ಲಿ. 1990ರ ಯಾದಗಿರಿಗೆ ಜಿಲ್ಲಾಧಿಕಾರಿ ಕಚೇರಿ ಇರಲಿಲ್ಲ, ಅದು ಗುಲಬರ್ಗಾ ಜಿಲ್ಲೆಯೊಳಗೇ ಇತ್ತು. ಅಜ್ಜನ ನೆನಪು ಬಂದರೆ, ಈ ನೆಲ ನಿಜಾಮನ ಆಳ್ವಿಕೆಯಿಂದ ಹೊರಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ, ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದು ವರ್ಷದ ಮೇಲೆ. 1947ರ ಆಗಸ್ಟ್ 15ರಂದು ಇಲ್ಲಿ ಊರೆಲ್ಲ ಧ್ವಜ ಹಾರಿಸಿ ಸಂಭ್ರಮಿಸಿದರು ಅಂತ ಬರೆದರೆ ನಮ್ಮ ಹಿರಿಯರು ಪುಸ್ತಕ ಅಲ್ಲಿಗೇ ಮುಚ್ಚುತ್ತಾರೆ.

ಕೊನೆಯ ವಾರ ಮತ್ತು ಆಮೇಲೆ

ಹಿಂದೆ ಬಿದ್ದಿದ್ದರೆ ದೃಶ್ಯಗಳನ್ನು ಚಿಕ್ಕದು ಮಾಡಿ, ಬಿಡಬೇಡಿ. 400 ಪದದಲ್ಲಿ ಯಾರು ಬಂದರು, ಏನಂದರು, ಏನಾಯಿತು ಅಂತ ಹೇಳಿ ಮುಗಿಸಿ. ನಡುವಿನ ಒಂದು ದೃಶ್ಯ ಬರುತ್ತಲೇ ಇಲ್ಲವೆಂದರೆ "ಇಲ್ಲಿ ಹಮಾಲ ನಿಜ ಹೇಳುತ್ತಾನೆ" ಅಂತ ಒಂದು ಸಾಲು ಸಾಕು. ಆದರೆ ಕೊನೆಯ ದೃಶ್ಯವನ್ನು ಪೂರ್ತಿ ಬರೆಯಿರಿ. 30,000 ಆಗದೆ 22,000ಕ್ಕೆ ಕಥೆ ಮುಗಿದರೂ ನಿಮ್ಮ ಕೈಯಲ್ಲಿ ಮುಗಿದ ಕರಡು ಇರುತ್ತದೆ. ಕೊನೆಯಿಲ್ಲದ 40,000 ಪದಕ್ಕಿಂತ ಅದು ಎಷ್ಟೋ ಬೆಲೆಯುಳ್ಳದ್ದು.

ಮುಗಿದ ಮೇಲೆ ಕರಡನ್ನು ಯಾರಿಗೂ ಕೊಡಬೇಡಿ, ಪ್ರಕಾಶಕರಿಗಂತೂ ಬೇಡವೇ ಬೇಡ. ಒಂದು ತಿಂಗಳಾದರೂ ಮುಟ್ಟದೆ ಇಡಿ. ಆಮೇಲೆ ಪ್ರಿಂಟ್ ತೆಗೆಸಿ ಒಂದೇ ಪಟ್ಟಿಗೆ ಓದಿ. ಆ ಸಲ ಕಾಗುಣಿತ ತಿದ್ದಬೇಡಿ. ಬೇಸರ ಬಂದ ಜಾಗಕ್ಕೆ ಒಂದು ಗೆರೆ, ಗೊಂದಲ ಆದ ಜಾಗಕ್ಕೆ ಒಂದು ಪ್ರಶ್ನೆ ಚಿಹ್ನೆ, ಅಷ್ಟೇ ಹಾಕಿ. ಎರಡನೇ ಕರಡಿಗೆ ಮೂರ್ನಾಲ್ಕು ತಿಂಗಳಾದರೂ ಬೇಕು, ಅದಕ್ಕೆ ಅವಸರ ಮಾಡಬೇಡಿ.

ಗುರುತು ಹಾಕಿಟ್ಟ ಪ್ರಶ್ನೆಗಳನ್ನು ಕೇಳಲು ಹೊರಗೆ ಹೋಗುವುದು ಈಗ. ಗಂಜಿಗೆ ಹೋಗಿ ಕಾಟಾ ನೋಡಿ, ಹಮಾಲರ ಜೊತೆ ಚಹಾ ಕುಡಿಯುತ್ತ ಮಾತಾಡಿಸಿ. ಸೌದಾ ಜೋರಾಗಿರುವ ಹೊತ್ತಿಗೆ ಹೋಗಬೇಡಿ, ಯಾರಿಗೂ ಪುರುಸೊತ್ತು ಇರುವುದಿಲ್ಲ. ಆಮೇಲೆ ಇಬ್ಬರಿಗೆ ಓದಿ ಹೇಳಿ: ಆ ಜಾಗ ಚೆನ್ನಾಗಿ ಬಲ್ಲವರೊಬ್ಬರು, ಆ ಜಾಗ ನೋಡದೇ ಇರುವವರೊಬ್ಬರು. ಮೊದಲನೆಯವರು ತಪ್ಪು ಹಿಡಿಯುತ್ತಾರೆ. ಎರಡನೆಯವರು ಎಲ್ಲಿ ಫೋನು ತೆಗೆದು ನೋಡುತ್ತಾರೋ ಆ ಪುಟದ ನಂಬರು ಬರೆದುಕೊಳ್ಳಿ, ತಿದ್ದುವುದನ್ನು ಅಲ್ಲಿಂದ ಶುರು ಮಾಡಿ.